ಬನ್ನಿಗಿಡದಡಿಯ ಸಾಕ್ಷಿಬೇರು

ಮಣ್ಣು ಬೇರಿಗೆ ಏನು ಕೊಡುತ್ತದೆ, ಏನನ್ನು ಕೊಡದೆ ತನ್ನಲ್ಲೇ ಬಚ್ಚಿಟ್ಟುಕೊಳ್ಳುತ್ತದೆ ಎಂಬುದು ಸೃಷ್ಟಿಯಾದಾಗಿನಿಂದ ಅವೆರಡೇ ಆಡಿಕೊಂಡು ಬಂದ ಮಾತು. ನಮ್ಮ ಕಾಲಡಿಯ ಕತ್ತಲೆಯಲ್ಲಿ, ಸದ್ದಿಲ್ಲದೆ ನಡೆಯುವ ಮಾತು. ಅದು ಮನುಷ್ಯರ ಕಿವಿಗೂ ಬೀಳುವಂತಾದರೆ? ಡೋಣಿ ಹೊಳೆಸಾಲಿನ ಎರೆಭೂಮಿಯಲ್ಲಿ ಒಂದು ಕಾಲಕ್ಕೆ ಹಾಗೂ ಆಯಿತು. ಕೇಳಿಸಿಕೊಂಡವರಲ್ಲಿ ಎರಿನಾಳ ಎಂಬ ಊರಿನ ಮಗಳು ಮಹಾನಂದಾ ಒಬ್ಬಳು.

ಮಹಾನಂದಾ ಎಣ್ಣೆಕಾಳು ನಿಗಾ ಕೇಂದ್ರದಲ್ಲಿ ಮಣ್ಣಿನ ವಿಜ್ಞಾನಿ. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಣ್ಣು ಪರೀಕ್ಷೆಯೆಂದರೆ ಹೊಲದಿಂದ ಚೀಲದಲ್ಲಿ ಮಣ್ಣು ತರಿಸುವುದು, ನೆರಳಲ್ಲಿ ಒಣಗಿಸಿ ಜರಡಿ ಹಿಡಿಯುವುದು, ದ್ರಾವಣದಲ್ಲಿ ಕಲಕಿ ಸೋಸಿ ಸತು ಎಷ್ಟು, ಕಬ್ಬಿಣ ಎಷ್ಟು, ಬೋರಾನ್ ಎಷ್ಟು ಎಂದು ಅಳೆಯುವುದು. ಆದರೆ ಮಣ್ಣಿನಲ್ಲಿ ಇರುವುದೇ ಬೇರೆ, ಬೆಳೆಗೆ ದಕ್ಕುವುದೇ ಬೇರೆ. ಎರೆಮಣ್ಣಿನ ಸುಣ್ಣ ಸತುವನ್ನೂ ಕಬ್ಬಿಣವನ್ನೂ ಹಿಡಿದುಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ನೆಲದೊಳಗಿನ ಹಗೇವಿನ ತುಂಬ ಜೋಳವಿದ್ದರೇನು, ಬಾಯಿಗೆ ಮುಚ್ಚಿದ ಕಲ್ಲು ಸರಿಸುವವರಿಲ್ಲದಿದ್ದರೆ ಮನೆಮಂದಿ ಉಪವಾಸವೇ ತಾನೆ? ದ್ರಾವಣ ಹೇಳುವುದು ಊಹೆ. ಉಂಡು ಹೇಳುವ ಬೇರೊಂದಿದ್ದರೆ ಎಂದು ಅವಳೂ ಅವಳ ಜೊತೆಯವರೂ ವರ್ಷಗಟ್ಟಲೆ ಹಂಬಲಿಸಿದರು.

ಹಂಬಲ ಕೈಗೂಡಿತು. ಕಾಂಡವಿಲ್ಲ, ಎಲೆಯಿಲ್ಲ, ಬರೀ ಕುಸುಬಿಯ ಬೇರು. ಮೊಳದುದ್ದದ ಗಾಜಿನ ಕೊಳವೆಯಲ್ಲಿ ಜೀವ ಹಿಡಿದಿರುತ್ತದೆ. ಮೇಲಿನ ಡಬ್ಬಿಯಿಂದ ಸಕ್ಕರೆ ನೀರು ತೊಟ್ಟಿಕ್ಕುತ್ತದೆ. ಕೆಳಗಿನ ತೂತಿನಿಂದ ಬೇರು ಮಣ್ಣಿಗಿಳಿಯುತ್ತದೆ. ಅಲ್ಲಿ ಅದಕ್ಕೆ ಏನು ಸಿಕ್ಕಿತು, ಯಾವುದಕ್ಕಾಗಿ ತಡಕಾಡಿ ಬರಿಗೈಲಿ ಬಂತು ಎಂಬುದನ್ನು ಕೂದಲೆಳೆಯಂಥ ತಂತಿಗಳು ಕೇಂದ್ರಕ್ಕೆ ತಿಳಿಸುತ್ತವೆ. ಅದಕ್ಕೆ ಸಾಕ್ಷಿಬೇರು ಎಂದು ಹೆಸರಿಟ್ಟರು. ಕೇಂದ್ರದ ಗೋಡೆಯ ಮೇಲೆ ಸೀಮೆಯ ಹೊಲಗಳದೊಂದು ನಕಾಶೆ. ಬೇರಿಗೆ ತೃಪ್ತಿಯಾಗಿದ್ದರೆ ಆ ಹೊಲ ಹಸಿರು, ಹಸಿವಾಗಿದ್ದರೆ ಕೆಂಪು. ಕೆಂಪಾದ ಕಡೆ ಕೇಂದ್ರದ ಯಂತ್ರ ತಾನಾಗಿಯೇ ಹಾರುಪಂಪು ಕಳಿಸಿ ಬೇಕಾದದ್ದನ್ನು ಬೇಕಾದಷ್ಟೇ ಸಿಂಪಡಿಸುತ್ತಿತ್ತು.

ಮೊದಲ ವರ್ಷ ಬೇರುಗಳನ್ನು ಹೊಲದ ನಟ್ಟನಡುವೆ ಊರಿದರು. ಕಳೆ ತೆಗೆಯಲು ಎಡೆಕುಂಟೆ ಹೊಡೆಯುವಾಗ ಮುಕ್ಕಾಲು ಪಾಲು ಕಡಿದುಹೋದವು. ಆಗ ಮಹಾನಂದಾಳೇ ಸಭೆಯಲ್ಲಿ ಎದ್ದು ಹೇಳಿದಳು: "ಕುಂಟಿ ಹಾಯದ ಜಾಗಾ ಯಾವದಂತ ಹೊಲದವರನ್ನ ಕೇಳೂಣು. ಅವರು ಜ್ವಾಕಿ ಮಾಡೋ ಕಡೆ ಊರೂಣು." ಮರುವರ್ಷ ಹಾಗೆ ಊರಿದ ಮೇಲೆ ಒಂದು ಬೇರೂ ಕಡಿಯಲಿಲ್ಲ. ಎಲ್ಲರೂ ಅವಳನ್ನು ಹೊಗಳಿದರು.

ಯಂತ್ರಕ್ಕೆ ಒಂದು ಕಟ್ಟಳೆಯಿತ್ತು. ಬೋರಾನ್ ಚಿಟಿಕೆಯಷ್ಟಿದ್ದರೆ ಅನ್ನ, ಹಿಡಿಯಷ್ಟಾದರೆ ವಿಷ. ಹಿಂದೊಮ್ಮೆ ಕೇಂದ್ರದವರೇ ಯಾರೋ ಮರುಕಪಟ್ಟು ಹೆಚ್ಚಿಗೆ ಹೊಡೆಸಿ, ಊರೂರ ಬೆಳೆ ಎಲೆಯಂಚಿನಿಂದ ಸುಟ್ಟುಹೋಗಿತ್ತು. ಅಂದಿನಿಂದ ಬೇರಿನ ಮಾತನ್ನಲ್ಲದೆ ಮನುಷ್ಯರ ಮಾತನ್ನು ಕೇಳದಂತೆ ಯಂತ್ರಕ್ಕೆ ಬೀಗ ಬಿತ್ತು. ಬೋರಾನ್ ಕೂಡ ಯಂತ್ರದ ಕೈಯಲ್ಲಲ್ಲದೆ ಬೇರೆಲ್ಲೂ ಸಿಗದಂತಾಯಿತು. ಬೇರು 'ಎಲ್ಲ ಸಾಕು' ಎಂದ ಹೊಲದಲ್ಲಿ ಕಾಳು ಜೊಳ್ಳಾದರೆ ಆ ನೆಲಕ್ಕೆ ತಿಳಿಯದ ರೋಗವೇನೋ ತಗಲಿದೆ ಎಂದು ಯಂತ್ರ ತೀರ್ಮಾನಿಸುತ್ತಿತ್ತು. ಅದಕ್ಕೆ 'ಕೊಡದ ನೆಲ' ಎಂದು ಹೆಸರಿಟ್ಟು, ನಕಾಶೆಯಲ್ಲಿ ಬೂದಿ ಬಣ್ಣ ಬಳಿದು, ಹನ್ನೆರಡು ವರ್ಷ ಬಿತ್ತದಂತೆ ವಿಶ್ರಾಂತಿಗೆ ಹಾಕುತ್ತಿತ್ತು. ಹೊಲದವರ ಊಟಕ್ಕೆ ಕೊರತೆಯಿಲ್ಲ, ರೇಷನ್ನು ಮನೆಗೇ ಬರುತ್ತಿತ್ತು. ಬಿತ್ತುವ ಹಾಗಿಲ್ಲ, ಅಷ್ಟೆ.

ಆ ವರ್ಷ ಹಿಂಗಾರಿ ಚೆನ್ನಾಗಿತ್ತು. ಎರಿನಾಳದಲ್ಲಿ ಮಹಾನಂದಾಳ ಅಣ್ಣ ರಾಚಪ್ಪ, ಅವನ ಹೆಂಡತಿ ಗುರುಬಾಯಿ ವೈನಿ ಎಂದಿನಂತೆ ಕುಸುಬಿ ಬಿತ್ತಿದರು. ರಾಚಪ್ಪ ಮಾತಿನ ಮಲ್ಲ. ಹೊಲ ಮಾತ್ರ ಗುರುಬಾಯಿಯದು. ಮದುವೆಯಾಗಿ ಬಂದವಳು ಆ ಮನೆಯಲ್ಲಿ ಮೊದಲು ಮಾತು ಬೆಳೆಸಿದ್ದು ಅತ್ತೆಯ ಜೊತೆಗಲ್ಲ, ಹೊಲದ ಜೊತೆಗೆ ಎಂದು ಓಣಿಯವರು ನಗುತ್ತಿದ್ದರು. ಬದುವಿಗೆ ಕಾಲಿಡುವ ಮುನ್ನ ಚಪ್ಪಲಿ ಬಿಡುವ ಹೆಣ್ಣುಮಗಳು.

ಕುಸುಬಿ ಮೊಣಕಾಲೆತ್ತರ ಬಂದಾಗ ಒಂದು ಮುಂಜಾನೆ ಅವಳ ಫೋನು ಬಂತು.

"ಮಾನಂದಾ, ತುದಿ ಎಲಿ ದಪ್ಪ ಆಗ್ಯಾವವಾ. ಮುಟ್ಟಿದ್ರ ಹಪ್ಪಳ ಮುರದಂಗ ಮುರೀತಾವ. ಏನರ ಕಡಿಮಿ ಬಿದ್ದೈತೇನ ನೋಡ."

"ದಿನಾ ನೋಡತೀನಿ ವೈನಿ. ನಿಮ್ಮ ಹೊಲ ಹಸರ ಐತಿ. ಬೇರಿಗೆ ಎಲ್ಲಾ ಸಿಗಾಕತ್ತೈತಿ."

"ಬೇರಿಗೆ ಸಿಕ್ಕಿದ್ದು ಎಲಿಗ್ಯಾಕ ಸಿಗವಲ್ದು?"

ಹಿಂದಿನಿಂದ ರಾಚಪ್ಪನ ದನಿ ಕೇಳಿಸಿತು: "ಅಕಿನ್ನೇನ ಕೇಳ್ತಿ ಬಿಡು. ಆ ಬೇರು ಸರಕಾರಿ ನೌಕರಿಗೆ ಹತ್ತೈತಿ. ಉಂಡು ಮಕ್ಕೊಂಡು, ಎಲ್ಲಾ ಬರೋಬ್ಬರಿ ಐತಿ ಅಂತ ಮ್ಯಾಲ ಹೇಳಿ ಕಳಸ್ತೈತಿ!"

ಮಹಾನಂದಾ ನಕ್ಕಳು. ಫೋನಿಟ್ಟು ಗೋಡೆಯ ಕಡೆ ತಿರುಗಿದಳು. ಎರಿನಾಳದ ತುಂಬ ಹಸಿರು. ಆಚೆಯ ಊರುಗಳೂ ಹಸಿರು. ಕಣ್ಣು ತಂಪಾಗುವ ಹಾಗಿತ್ತು.

"ಅಕ್ಕಾರ," ಅಂದಳು ಜೊತೆಯವಳು ತಸ್ನೀಮ್, ಯಂತ್ರದ ಮುಂದೆ ಕೂರುವ ಹುಡುಗಿ. "ಈ ಸಲ ಎಲ್ಲಾ ಕಡೆ ಹಿಂಗ ಹಸರ ಐತಿ ನೋಡ್ರಿ. ಮಂದಿ ಫೋನ್ ಮಾತ್ರ ನಿಂದ್ರವಲ್ವು. ಎಲಿ ಮುರೀತಾವ, ಮೊಗ್ಗಿ ಸಣ್ಣ ಐತಿ ಅಂತಾರ."

"ಬೋರಾನ್ ಕಡಿಮಿ ಆದ್ರ ಹಂಗ ಆಗಬೇಕು," ಅಂದಳು ಮಹಾನಂದಾ. "ಆದ್ರ ಬೇರು ಭರಪೂರ ಐತಿ ಅಂತೈತಲ್ಲ. ಥಂಡಿಗೆ ಇದ್ದೀತು."

ಥಂಡಿಗೆ ಇದ್ದೀತು ಎಂದದ್ದು ಅವಳ ಬಾಯಿ. ಮನಸ್ಸು ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗಿ ಕಣ್ಣಾರೆ ನೋಡಬೇಕೆಂದು ಆಗಲೇ ಗಂಟು ಹಾಕಿಕೊಂಡಿತ್ತು.

ಎಳ್ಳ ಅಮಾವಾಸ್ಯೆಯ ದಿನ ಎರೆಭೂಮಿಯಲ್ಲಿ ಮನೆಯಲ್ಲಿ ಉಣ್ಣುವವರಿಲ್ಲ. ಭೂಮಿತಾಯಿ ಬಸುರಿ, ಅವಳ ಬಯಕೆಯೂಟವನ್ನು ಹೊತ್ತು ಎಲ್ಲರೂ ಹೊಲಕ್ಕೆ ನಡೆಯುತ್ತಾರೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಗುರುಬಾಯಿ ಬುಟ್ಟಿ ಹೊತ್ತು ಮುಂದೆ, ಮಹಾನಂದಾ ನೀರಿನ ಕೊಡ ಹಿಡಿದು ಹಿಂದೆ.

ಬದು ಹತ್ತಿ ಮಹಾನಂದಾ ಹೊಲ ನೋಡಿದಳು. ಗಿಡ ಗಿಡ್ಡ. ತುದಿಯೆಲೆ ಗಂಟುಗಂಟಾಗಿ ಮುದುಡಿದೆ. ಅಲ್ಲೊಂದು ಇಲ್ಲೊಂದು ಮೊಗ್ಗು ಬಾಯಿ ಬಿಟ್ಟು ಹಳದಿ ತೋರಿಸುತ್ತಿದೆ. ಒಂದನ್ನು ಸೆರಗಿನಲ್ಲಿ ಹಿಡಿದು ಮುಳ್ಳು ಸರಿಸಿ ಒಡೆದಳು. ಒಳಗೆ ಕಾಳಿನ ಗೂಡುಗಳು ನೆತ್ತಿಯಿಂದಲೇ ಕಪ್ಪಿಟ್ಟಿದ್ದವು. ಪುಸ್ತಕದಲ್ಲಿ ಬರೆದಂಥ ಬೋರಾನಿನ ಹಸಿವು.

"ವೈನಿ, ಬೇರು ಎಲ್ಲಿ ಊರ್ಯಾರ?"

"ಎಲ್ಲೆಂದ್ರ? ಪಾಂಡವರ ಹಂತೇಕ. ನೀವ ಅಲ್ಲೇನವಾ, ಜ್ವಾಕಿ ಮಾಡೂ ಜಾಗಾ ತೋರಸ್ರಿ ಅಂದವರು?"

ಹೊಲದ ಮೂಲೆಯಲ್ಲಿ ಬನ್ನಿಗಿಡ. ಅದರ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು, ಐವರು ಪಾಂಡವರು. ಆ ಐದರ ನಡುವೆ ಗಾಜಿನ ಕೊಳವೆ. ಅದಕ್ಕೂ ಸುಣ್ಣದ ಪಟ್ಟೆ, ಕುಂಕುಮ, ಕೊರಳಿಗೊಂದು ಚೆಂಡುಹೂವಿನ ಎಳೆ.

"ಆರನೇ ತಮ್ಮ ಹುಟ್ಟ್ಯಾನ ಪಾಂಡವರಿಗೆ," ರಾಚಪ್ಪ ನಕ್ಕ. "ನಿಮ್ಮ ವೈನಿ ದಿನಾ ಮೊದಲ ಇವಗ ಉಣ್ಣಸ್ತಾಳ, ಆಮ್ಯಾಲ ನನಗ."

ಮಹಾನಂದಾ ಅಲ್ಲಿಯೇ ಕುಕ್ಕರಗಾಲಲ್ಲಿ ಕುಳಿತಳು. ಮಣ್ಣನ್ನು ಮುಷ್ಟಿಯಲ್ಲಿ ತೆಗೆದುಕೊಂಡಳು. ಮೆತ್ತಗೆ, ಕರ್ರಗೆ, ಎರೆಹುಳದ ಹಿಕ್ಕೆ. ಅವಳ ಮುತ್ತಜ್ಜನ ಕಾಲದಿಂದ ಈ ಕಲ್ಲುಗಳಿಗೆ ಹಾಲು ಬಿದ್ದಿದೆ, ಎಣ್ಣೆ ಬಿದ್ದಿದೆ, ನೈವೇದ್ಯ ಬಿದ್ದಿದೆ. ಬುತ್ತಿ ಉಂಡ ಕೈ ಇಲ್ಲೇ ತೊಳೆದಿದ್ದಾರೆ. ಮಧ್ಯಾಹ್ನದ ಬಿಸಿಲಿಗೆ ಎತ್ತುಗಳನ್ನು ಇದೇ ನೆರಳಿಗೆ ಕಟ್ಟಿದ್ದಾರೆ. ಅವುಗಳ ಸಗಣಿ, ಗಂಜಳ, ಬನ್ನಿಯ ಎಲೆ ಎಲ್ಲ ಇಲ್ಲೇ ಕೊಳೆತು ಮಣ್ಣಾಗಿದೆ. ಸೀಮೆಯಲ್ಲೆಲ್ಲ ಉಂಡುಟ್ಟು ಸುಖವಾಗಿರುವ ಮಣ್ಣು ಯಾವುದಾದರೂ ಇದ್ದರೆ ಅದು ಇದು. ಬೇರು ಸುಳ್ಳು ಹೇಳಿರಲಿಲ್ಲ. ತಾನು ಕುಳಿತ ಮೂಲೆಯ ಸತ್ಯವನ್ನು ಇಡೀ ಹೊಲದ ಸತ್ಯವೆಂದು ಹೇಳಿತ್ತು.

"ಊರಾಗ ಎಲ್ಲಾರೂ..." ಅವಳು ಮುಷ್ಟಿಯ ಮಣ್ಣನ್ನು ಕೆಳಗೆ ಬಿಟ್ಟಳು. "ಎಲ್ಲಾರೂ ಪಾಂಡವರ ಹಂತೇಕನ ಊರಸ್ಯಾರೇನ ವೈನಿ?"

"ಮತ್ತ? ಕುಂಟಿ ಹಾಯದ ಜಾಗಾ ಹೊಲದಾಗ ಇನ್ನ್ಯಾವದೈತಿ?" ಗುರುಬಾಯಿ ಅವಳ ಮುಖ ನೋಡಿದಳು. "ಯಾಕ, ಏನ ತಪ್ಪಾತ?"

ಆ ದಿನ ಹೊಲಕ್ಕೆಲ್ಲ ನೈವೇದ್ಯ ಬೀರುವ ಚರಗದ ಕೂಗು ಹೊಲದಿಂದ ಹೊಲಕ್ಕೆ ಹಾಯುತ್ತಿದ್ದಾಗ ಮಹಾನಂದಾ ಉಣ್ಣದೆ ಎದ್ದಳು. ಹೊಲದ ನಡುವಿನ ಮಣ್ಣೊಂದು ಚೀಲ, ಬನ್ನಿಗಿಡದಡಿಯ ಮಣ್ಣೊಂದು ಚೀಲ ಕಟ್ಟಿಕೊಂಡು ಹೊರಟಳು.

ಮರುದಿನ ಕೇಂದ್ರದ ಹಳೆಯ ಕೋಣೆ ತೆರೆದು, ಧೂಳು ಹಿಡಿದ ಗಾಜಿನ ಸಾಮಾನು ತೊಳೆದಳು. ಎರಡೂ ಮಣ್ಣನ್ನು ನೀರಲ್ಲಿ ಕುದಿಸಿ, ಸೋಸಿ, ಬಣ್ಣ ಬರಿಸುವ ಔಷಧಿ ಹಾಕಿದಳು. ಬನ್ನಿಗಿಡದಡಿಯ ನೀರು ಅರಿಸಿನ ಕಲಸಿದಷ್ಟು ಹಳದಿಯಾಯಿತು. ಹೊಲದ ನಡುವಿನದು ಬರೀ ನೀರಾಗಿಯೇ ಉಳಿಯಿತು. ಎರಡೂ ನಳಿಗೆಗಳನ್ನು ಹಿಡಿದು ಕೇಂದ್ರದ ಮುಖ್ಯಸ್ಥ ಇನಾಮದಾರರ ಮುಂದೆ ನಿಂತಳು.

ಇನಾಮದಾರರು ನಳಿಗೆಗಳನ್ನು ಬೆಳಕಿಗೆ ಹಿಡಿದು ನೋಡಿದರು. ಒಳ್ಳೆಯ ಮನುಷ್ಯ, ಅದೇ ಇನ್ನೂ ಕಷ್ಟ.

"ಮಹಾನಂದಾ, ನಿಮ್ಮ ಮಾತು ನಾ ನಂಬತೀನ್ರಿ. ನಾ ನಂಬಿದ್ರೇನಾತು? ಯಂತ್ರಕ್ಕ ನನ್ನ ಮಾತೂ ಒಂದ, ಹಲ್ಲಿ ಲೊಚಗುಟ್ಟಿದ್ದೂ ಒಂದ."

"ಸರ್, ಮುಕ್ಕಾಲು ಮೊಗ್ಗಿ ಇನ್ನೂ ಬಾಯಿ ಬಿಟ್ಟಿಲ್ಲ. ಅರಳೂದ್ರೊಳಗ ಸಿಂಪಡಿಸಿದ್ರ ಕಾಳು ಕಟ್ಟತಾವ. ಅರಳಿದ ಮ್ಯಾಲ ದೇವರು ಬಂದ್ರೂ ಆಗೂದಿಲ್ಲ."

"ಯಂತ್ರ ಬೇರಿನ ಬಾಯಿಂದ ಬಂದದ್ದ ಕೇಳತೈತಿ."

"ಹಂಗಾರ ಬೇರಿನ ಬಾಯಿಂದನ ಹೇಳಸೂಣು. ನಮ್ಮಣ್ಣನ ಹೊಲದ ಬೇರು ಕಿತ್ತು ನಡುವ ಊರತೀನಿ. ಅದು ಹಸಿವು ಅಂತ ಅಂದ್ರ?"

ಇನಾಮದಾರರು ಕನ್ನಡಕ ತೆಗೆದು ಒರೆಸಿಕೊಂಡರು. ಕಟ್ಟಳೆಯಲ್ಲಿ ಅಂಥದೊಂದು ಸಂದಿಯಿತ್ತು, ಅದೂ ಇಡೀ ಸೀಮೆಗೆ ಹಂಗಾಮಿಗೊಂದೇ ಬೇರಿಗೆ. ಸ್ಥಳ ಬದಲಿಸಿದ ಬೇರು ಸೂರ್ಯ ಹುಟ್ಟಿದಾಗಿನಿಂದ ಮುಳುಗುವ ತನಕ ಎಡೆಬಿಡದೆ ಹಸಿವೆಂದರೆ ಯಂತ್ರ ಅದರ ಹಿಂದಿನ ಸಾಕ್ಷ್ಯವನ್ನೆಲ್ಲ ಬದಿಗಿಟ್ಟು, ಅದೇ ರೀತಿ ಊರಿದ ಎಲ್ಲ ಬೇರುಗಳ ಮಾತನ್ನೂ ಸಂಶಯಿಸಿ, ಸೀಮೆಗೆಲ್ಲ ಹಾರುಪಂಪು ಕಳಿಸುತ್ತಿತ್ತು. ನಡುವೆ ಬೇರು ಸತ್ತರೆ ಮಾತ್ರ ಹಿಂದೆ ಹೇಳಿದ್ದೇ ಅದರ ಕೊನೆಯ ಮಾತಾಗಿ ಉಳಿಯುತ್ತಿತ್ತು. ಇನ್ನೊಂದು ಬೇರು ಬೆಳೆಸಿ ಊರುವಷ್ಟರಲ್ಲಿ ಹೂವು ಬಾಡಿರುತ್ತಿತ್ತು.

"ಒಂದ ಬೇರು," ಅಂದರು ಇನಾಮದಾರರು. "ಒಂದ ಹಗಲು. ದೇವರ ಮ್ಯಾಲ ಭಾರ ಹಾಕ್ರಿ."

ಸೂರ್ಯ ಇನ್ನೂ ಹುಟ್ಟಿರಲಿಲ್ಲ, ಮಂಜು ಎಲೆಯ ಮೇಲಿತ್ತು. ಗುರುಬಾಯಿ ಮಿಂದು, ಒದ್ದೆ ಕೂದಲು ಗಂಟು ಕಟ್ಟಿ ಬಂದಿದ್ದಳು. ಐದು ಕಲ್ಲಿಗೂ ಕೈಮುಗಿದು, "ತಪ್ಪಾತು, ಹೊಟ್ಟಿಗಿ ಹಾಕ್ಕೋರಿ" ಅಂದಳು. ಮಹಾನಂದಾ ಕೈಯಿಂದಲೇ ಸುತ್ತಲಿನ ಮಣ್ಣು ಬಿಡಿಸಿದಳು. ಬೇರು ಹೊರಬಂತು, ಬಿಳಿಯಾಗಿ, ಕೊಬ್ಬಿ, ಬಾಣಂತಿಯ ಕೂಸಿನ ಹಾಗೆ. ತಡಕಾಡಿ ಅನ್ನ ಹುಡುಕಿದ ಬೇರಿಗಿರುವ ಸಣ್ಣ ರೋಮಗಳು ಇದಕ್ಕೆ ಮೂಡಿಯೇ ಇರಲಿಲ್ಲ. ಕುಳಿತಲ್ಲಿಗೇ ಎಲ್ಲ ಬಂದಿತ್ತು.

"ನೆರಳಾಗ ಬೆಳದದ್ದು ಇದು," ಅಂದಳು ಗುರುಬಾಯಿ. "ನಟ್ಟ ಬಯಲಾಗ ತಾಳೀತೇನ?"

"ಒಂದ ಹಗಲು ತಾಳಿದ್ರ ಸಾಕು ವೈನಿ."

ಹೊಲದ ನಡುವೆ ಗುಂಡಿ ತೋಡಿ, ನೀರು ಹನಿಸಿ, ಊರಿದರು. ಗುರುಬಾಯಿ ತನ್ನದೊಂದು ಹಳೆಯ ಇಳಕಲ್ ಸೀರೆಯನ್ನು ನಾಲ್ಕು ಕೋಲಿಗೆ ಕಟ್ಟಿ ನೆರಳು ಮಾಡಿದಳು. ಮಹಾನಂದಾ ಕೇಂದ್ರಕ್ಕೆ ಓಡಿದಳು.

ನಕಾಶೆಯಲ್ಲಿ ಎರಿನಾಳದ ಆ ಒಂದು ಹೊಲ ಮೊದಮೊದಲು ಮಿಣುಕಿತು. ಹಸಿರು ತೆಳುವಾಯಿತು. ಆಮೇಲೆ, ಕೆನ್ನೆಗೆ ರಕ್ತ ಏರಿದ ಹಾಗೆ, ಕೆಂಪು.

"ಅಕ್ಕಾರ! ಕೆಂಪ ಆತ್ರಿ!" ತಸ್ನೀಮ್ ಕುರ್ಚಿಯಿಂದ ಜಿಗಿದಳು. ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಹಸಿವೆಯನ್ನು ಕಂಡು ಹಿಗ್ಗಿದವರು ಆ ಕೋಣೆಯಲ್ಲಿ ಅದೇ ಮೊದಲು. ಮಹಾನಂದಾ ಚಪ್ಪಾಳೆ ತಟ್ಟಲಿಲ್ಲ. ಪರದೆಯ ಮೇಲೆ ಬೇರಿನ ಗೆರೆಗಳು ಓಡುತ್ತಿದ್ದವು: ಬೋರಾನ್ ಇಲ್ಲ. ಸತು ಇಲ್ಲ. ಬೋರಾನ್ ಇಲ್ಲ. ಹಂಗಾಮಿನುದ್ದಕ್ಕೂ ವೈನಿ ಫೋನಿನಲ್ಲಿ ಹೇಳಿದ್ದನ್ನೇ ಅದು ಈಗ ಹೇಳುತ್ತಿತ್ತು.

ಹೊತ್ತು ನೆತ್ತಿಗೆ ಬಂತು. ಹಾರುಪಂಪುಗಳು ಅಂಗಳದಲ್ಲಿ ಸಾಲಾಗಿ ನಿಂತು ತೊಟ್ಟಿ ತುಂಬಿಸಿಕೊಂಡವು. ಮಹಾನಂದಾ ಫೋನು ಮಾಡಿದಳು.

"ವೈನಿ, ಹೆಂಗೈತಿ?"

"ಕೂಸಿನ ಮುಂದ ಕುಂತಂಗ ಕುಂತೀನವಾ. ಮಣ್ಣ ಬಿಗ್ಯಾಕತ್ತೈತಿ. ನೀರ ಹಾಕಲೇನ?"

"ಹನಿಹನಿ ಹಾಕು. ಭಾಳ ಹಾಕಿದ್ರ ಉಸರ ಕಟ್ಟತೈತಿ."

"ಹಾಕಿದಷ್ಟು ಕುಡೀತೈತಿ, ಮತ್ತ ಬಿಗೀತೈತಿ. ಸಂದಿ ಬಿಡಾಕತ್ತೈತಿ ತಂಗಿ. ಕೈ ಅಡ್ಡ ಇಟ್ರ ನಿಂದ್ರತೈತೇನ ಅದು?"

ಎರೆಮಣ್ಣಿನ ಗುಣ ಮಹಾನಂದಾಳಿಗೆ ಗೊತ್ತಿಲ್ಲದ್ದಲ್ಲ. ನೀರು ಕುಡಿದರೆ ಉಬ್ಬುತ್ತದೆ, ಬಿಸಿಲು ಕುಡಿದರೆ ಕುಗ್ಗಿ ಬಿರಿಯುತ್ತದೆ. ಆ ಬಿರುಕಿನ ಎಳೆತಕ್ಕೆ ಅಲ್ಲೇ ಹುಟ್ಟಿದ ಬೇರುಗಳು ಬಾಗಿ ಬಳುಕಿ ದಾರಿ ಹುಡುಕಿಕೊಳ್ಳುತ್ತವೆ. ಆ ಮೂಲೆಯ ಮಣ್ಣು ಎಂದೂ ಬಿರಿದಿರಲಿಲ್ಲ. ಈ ಬೇರು ಬಳುಕುವುದನ್ನು ಕಲಿತಿರಲಿಲ್ಲ.

ಹೊತ್ತು ಪಡುವಣಕ್ಕೆ ವಾಲಿತ್ತು. ಇನ್ನೇನು ಗೋಧೂಳಿ, ಇನ್ನೇನು ಎನ್ನುವಾಗ ಗೆರೆಯೊಂದು ಕಂಪಿಸಿತು. ಮಹಾನಂದಾ ಎದ್ದು ನಿಂತು, ಪರದೆಯ ಮೇಲೆ ಅಂಗೈಯಿಟ್ಟಳು. ಜ್ವರ ಬಂದವರ ಹಣೆ ಮುಟ್ಟಿದ ಹಾಗೆ. ಗೆರೆ ಒಮ್ಮೆ ಮೇಲೆದ್ದಿತು. ಮತ್ತೆ ಇಳಿಯಿತು. ಆಮೇಲೆ ನೇರವಾಗಿ ಮಲಗಿತು.

ತಸ್ನೀಮ್ ಏನೋ ಒತ್ತಿದಳು, ಮತ್ತೆ ಒತ್ತಿದಳು. "ತಂತಿ ಬಿಚ್ಚಿರಬೇಕ್ರಿ ಅಕ್ಕಾರ. ಬರೀ ತಂತಿ ಇರಬೇಕು." ಅವಳ ಕಣ್ಣಲ್ಲಿ ನೀರು ತುಂಬಿತ್ತು.

ಯಂತ್ರ ನಿಷ್ಪಕ್ಷಪಾತವಾಗಿ ತನ್ನ ತೀರ್ಮಾನ ತೋರಿಸಿತು: ಬೇರು ಸತ್ತಿದೆ. ಹಿಂದಿನ ಸಾಕ್ಷ್ಯ ಸ್ಥಿರ. ಎರಿನಾಳದ ಹೊಲ ಮತ್ತೆ ಹಸಿರಾಯಿತು, ಎಲೆ ಚಿಗುರಿದಷ್ಟು ಚೆಂದದ ಹಸಿರು. ಅಂಗಳದಲ್ಲಿ ಹಾರುಪಂಪುಗಳು ಒಂದೊಂದಾಗಿ ತೊಟ್ಟಿ ಬರಿದು ಮಾಡಿಕೊಂಡವು.

ಇನಾಮದಾರರು ಅವಳ ಪಕ್ಕ ಬಂದು ನಿಂತರು. "ಮುಂದಿನ ವರ್ಷದಿಂದ ಎಲ್ಲಾ ಬೇರು ಹೊಲದ ನಡುವ ಊರಬೇಕಂತ ನಾನ ಕಟ್ಟಳಿ ಮಾಡಸ್ತೀನಿ," ಅಂದರು. ಹೇಳಿ ಮುಗಿಸುವುದರೊಳಗೆ ಅವರಿಗೇ ಹೊಳೆಯಿತು: ಅಷ್ಟರಲ್ಲಿ ಈ ಹೊಲಗಳೆಲ್ಲ ಬೂದಿಯಾಗಿರುತ್ತವೆ, ಬೂದಿ ಬಣ್ಣದ ಹೊಲದಲ್ಲಿ ಯಂತ್ರ ಬೇರು ಊರಿಸುವುದಿಲ್ಲ. ಅವರು ತಲೆ ತಗ್ಗಿಸಿ ಒಳಗೆ ಹೋದರು.

ಹೂವು ಅರಳಿದವು. ಸೀಮೆಯೆಲ್ಲ ಹಳದಿ, ಆಮೇಲೆ ಕೇಸರಿ. ದಾರಿಹೋಕರು ಗಾಡಿ ನಿಲ್ಲಿಸಿ ಫೋಟೋ ತೆಗೆಸಿಕೊಂಡರು. ಜೇನು ಬಂತು, ಹೋಯಿತು. ಬೆಳಗಿನ ಮಂಜಿಗೆ ಮುಳ್ಳು ಮೆತ್ತಗಾಗಿರುವಾಗ ಗುರುಬಾಯಿ ಕೈಗೆ ಅರಿವೆ ಸುತ್ತಿಕೊಂಡು ಕೊಯ್ದಳು, ರಾಚಪ್ಪ ಬಡಿದ, ಗಾಳಿಗೆ ತೂರಿದರೆ ಕಾಳಿಗಿಂತ ಜೊಳ್ಳೇ ಹೆಚ್ಚು ಹಾರಿತು. ಗಾಣಕ್ಕೆ ಒಯ್ಯುವಷ್ಟೂ ಉಳಿಯಲಿಲ್ಲ. ನಕಾಶೆಯಲ್ಲಿ ಬೂದಿ ಬಣ್ಣ ಒಂದೊಂದೇ ಹೊಲಕ್ಕೆ ಹಬ್ಬುತ್ತ ಬಂದು ಎರಿನಾಳವನ್ನು ಮುಚ್ಚಿತು.

ವಿಶ್ರಾಂತಿಯ ಕಂಬ ನೆಡಲು ಆಳುಗಳು ಬಂದ ದಿನ ಮಹಾನಂದಾ ರಜೆ ಹಾಕಿ ಊರಿಗೆ ಬಂದಿದ್ದಳು. ಗುರುಬಾಯಿ ಜಗಳವಾಡಲಿಲ್ಲ, ಅಳಲಿಲ್ಲ. "ಬಿಸಲಾಗ ಬಂದೀರಿ, ಉಂಡು ಕೆಲಸಾ ಮಾಡ್ರಪಾ" ಎಂದು ಅವರಿಗೆ ರೊಟ್ಟಿ, ಖಾರದ ಹಿಂಡಿ, ಮೊಸರು ಬಡಿಸಿದಳು. ಅವರು ತಲೆಯೆತ್ತದೆ ಉಂಡು, ಕಂಬ ನೆಟ್ಟು, ಕೈಮುಗಿದು ಹೋದರು. ರಾಚಪ್ಪ ಅವರ ಹಿಂದೆಯೇ ಊರ ದಾರಿ ಹಿಡಿದ.

ಹೊಲದ ನಡುವೆ ಇಬ್ಬರೂ ಕುಳಿತರು. ಮುಂದೆ ಹನ್ನೆರಡು ವರ್ಷದ ಬೀಳು.

"ಮಾನಂದಾ," ಗುರುಬಾಯಿ ಕೇಳಿದಳು, "ಆ ಬೇರು ಸಾಯೂ ಮುಂದ ಏನರ ಅಂತೇನ?"

"ಅಂತು ವೈನಿ."

"ಏನಂತು?"

"ಹಸಿವು ಅಂತು. ಮುಂಜಾನಿಂದ ಸಂಜಿತನಾ ಅದನ್ನ ಅಂತು."

ಗುರುಬಾಯಿ ಮಣ್ಣಿನ ಮೇಲೆ ಕೈಯಿಟ್ಟಳು. ಅದನ್ನು ಸವರಲೋ ಬೇಡವೋ ಎಂಬಂತೆ ಸುಮ್ಮನೆ ಇಟ್ಟಳು.

"ಎಲ್ಲಾರೂ ಕೇಳಿದ್ರೇನ?"

"ಹೂಂ. ಎಲ್ಲಾರೂ ಕೇಳಿದಿವಿ."

"ಕೇಳಿ, ನೀವು ಏನಂದ್ರಿ?"

ಮಹಾನಂದಾ ಆಳುಗಳು ನೆಟ್ಟ ಕಂಬದ ಕಡೆ ನೋಡಿದಳು. ಬಿರುಕುಗಳ ಮೇಲೆ ಜೊಳ್ಳು ಹೊಟ್ಟು ಗಾಳಿಗೆ ಸರಸರನೆ ಸರಿದಾಡುತ್ತಿತ್ತು. ಗುರುಬಾಯಿ ಉತ್ತರಕ್ಕಾಗಿ ಅವಳ ಮುಖವನ್ನೇ ನೋಡುತ್ತಿದ್ದಳು.